ಮನೆಯ ಉತ್ತರಕ್ಕೆ ಮೂರು ಕಲ್ಲು

ಹೋವ್ಲಾಂಡ್, ಸಸ್ಕಾಚೆವಾನ್
ಏಪ್ರಿಲ್ 21, 2023

ಅಕ್ಕಾ,

ಇದು ಕೂತು ಬರೆದ ಕಾಗದವಲ್ಲ, ರಸ್ತೆ ಸಮ ಮಾಡುವ ಗ್ರೇಡರ್ ಓಡಿಸುತ್ತಾ ಆಡಿದ ಮಾತು. ಫೋನಿನಲ್ಲಿ ನನ್ನ ದನಿ ತಗಡು ಬಡಿದ ಹಾಗೆ ಕೇಳುತ್ತದೆ, ಒಂದಕ್ಷರವೂ ತಿಳಿಯುವುದಿಲ್ಲ ಎಂದು ಕ್ರಿಸ್‌ಮಸ್‌ನಲ್ಲಿ ಅಂದೆಯಲ್ಲ, ಅದಕ್ಕೆ ಈ ಉಪಾಯ. ನಾನು ಮಾತಾಡಿ ಕಳಿಸುತ್ತೇನೆ. ಪುರಸಭೆ ಆಫೀಸಿನ ಮಾರ್ಲೀನ್ ಅದನ್ನು ಕೇಳಿ, ಟೈಪು ಮಾಡಿ, ಹ್ಯಾಲಿಫ್ಯಾಕ್ಸಿಗೆ ಅಂಚೆಗೆ ಹಾಕುತ್ತಾಳೆ. ಐವತ್ತು ವರ್ಷದ ಗಂಡಸಿಗೆ ಇಷ್ಟು ಮಾತು ಎಲ್ಲಿಂದ ಬರುತ್ತದೆ ಎಂದು ಅವಳಿಗೆ ಆಶ್ಚರ್ಯ. ದಿನಕ್ಕೆ ಒಂಬತ್ತು ಗಂಟೆ ಗಾಜಿನ ಗೂಡಿನಲ್ಲಿ ಒಬ್ಬಳೇ ಕೂತು, ದಾರ ಹಿಡಿದು ಎಳೆದ ಹಾಗಿರುವ ರಸ್ತೆಯನ್ನು ನೋಡುತ್ತಾ ಹೋದರೆ ಅವಳಿಗೂ ಬರುತ್ತದೆ.

ಈ ಸಲ ಹಿಮ ಬಿದ್ದದ್ದೇ ಕಮ್ಮಿ. ದನಗಳಿಗೆಂದು ತೋಡಿದ ಹೊಂಡಗಳಲ್ಲಿ ನೀರು ಅರ್ಧಕ್ಕೇ ನಿಂತಿದೆ, ದಡದ ಸುತ್ತ ಬಿಳಿ ಉಪ್ಪು ಕೂತಿದೆ. ಗಾಳಿಗೆ ಮಾತ್ರ ಬರವಿಲ್ಲ. ನಾನು ರಸ್ತೆಯ ಮಣ್ಣನ್ನು ನಡುವಿಗೆ ಎಳೆದು ತರುತ್ತೇನೆ, ಗಾಳಿ ಅದನ್ನು ಪಕ್ಕದ ಗೋಧಿ ಹೊಲಕ್ಕೆ ಒಯ್ಯುತ್ತದೆ. ಇಬ್ಬರಿಗೂ ಬೇಸರವಿಲ್ಲ. ಊರಿನಲ್ಲಿ ಈಗ ನಲವತ್ತೊಂದು ಜನ. ಮನೆಯ ಹಿಂದೆ ಅಮ್ಮ ಕುರ್ಚಿ ಹಾಕಿಕೊಳ್ಳುತ್ತಿದ್ದಲ್ಲಿ ಕ್ರೋಕಸ್ ಬಿಟ್ಟಿದೆ, ಬೂದು ತುಪ್ಪಳದ ಕೋಟು ತೊಟ್ಟ ಅದೇ ನೇರಳೆ ಹೂವು. ಬಿಸಿಲು ಬೀಳುವ ಮೂರು ಮಗ್ಗುಲು ಬಿಟ್ಟು, ಗಾಳಿ ಹೊಡೆಯುವ ಆ ಉತ್ತರದ ಕಡೆಯೇ ಅವಳು ಯಾಕೆ ಕೂರುತ್ತಿದ್ದಳೋ. ಹುಲ್ಲು ಕತ್ತರಿಸುವ ಯಂತ್ರವನ್ನು ಅಲ್ಲಿಗೆ ತಾಗಿಸಬೇಡ, ಬ್ಲೇಡು ಹಾಳಾಗುತ್ತದೆ ಎಂದು ನನಗೆ ಒಂಬತ್ತು ವರ್ಷವಾದಾಗಿನಿಂದ ಹೇಳಿ ಹೇಳಿ, ಈಗಲೂ ನಾನು ಸುತ್ತಿಕೊಂಡೇ ಹೋಗುತ್ತೇನೆ.

ಒಂದು ನಿಮಿಷ. ಹಿಂದೆ ಟ್ರಕ್ ಬರುತ್ತಿದೆ.

ಹೋಯಿತು. ಈಗ ವಿಷಯ. ಪುರಸಭೆ ಜೂನ್ 12ಕ್ಕೆ ರೊಸ್ವೋಲ್ಡ್ ದಿಬ್ಬದಲ್ಲಿ, ರಸ್ತೆಗೆ ಹಾಸುವ ಗರಸಿಗೆಂದು ಹೊಸ ಹೊಂಡ ತೆಗೆಯುತ್ತಿದೆ. ಹೌದು, ಅದೇ ನಮ್ಮಜ್ಜನ ಹಳೇ ಅಂಗಳ. ನಾನೀಗ ಇರುವ ಮರದ ಮನೆಯನ್ನು ಇಡಿಯಾಗಿ ಊರಿಗೆ ಎಳೆದು ತರುವ ಮೊದಲು ಅದು ನಿಂತಿದ್ದ ಜಾಗ. ಮನೆ ಬಂತು, ನೆಲ ಅಲ್ಲೇ ಉಳಿಯಿತು. ನೆಲದೊಳಗೆ ಅಮ್ಮನ ತಮ್ಮ ಐನಾರ್ ಇದ್ದಾನೆ, ಎರಡು ವರ್ಷದವನು. ತನ್ನನ್ನು ಅವನ ಪಕ್ಕ ಇಡಬೇಕು ಎನ್ನುವುದೊಂದೇ ಅಮ್ಮನ ಆಸೆ. ಆದರೆ ಅವನು ಆ ದಿಬ್ಬದಲ್ಲಿ ಎಲ್ಲಿದ್ದಾನೆ ಎನ್ನುವುದು ನನಗೆ ಗೊತ್ತಿಲ್ಲ. ಕೊನೆಯ ಹನ್ನೊಂದು ತಿಂಗಳು ಅಮ್ಮ ನಿನ್ನ ಹತ್ತಿರವೇ ಇದ್ದಳು, ನಿನಗೆ ಹೇಳಿರುತ್ತಾಳೆ. ಬರೆದು ಕಳಿಸು. ನಾನು ಗೂಟ ಹೊಡೆದು, ಆ ಜಾಗ ಬಿಟ್ಟು ಅಗೆಯಿರಿ ಎಂದು ಹೇಳುತ್ತೇನೆ. ಅಮ್ಮನನ್ನು ನೀನು ಯಾವಾಗ ಕರೆತರುತ್ತೀ ಎನ್ನುವುದನ್ನೂ ಬರೆ.

ಗಾರ್ತ್

ಮಾರ್ಲೀನ್ ಸೇರಿಸಿದ್ದು: ನಡುವೆ ಟ್ರಕ್ಕಿನವನಿಗೆ ಬೈದದ್ದನ್ನು ಬಿಟ್ಟಿದ್ದೇನೆ. ಎರಡು ಸಾಲು ಇತ್ತು.


ಹ್ಯಾಲಿಫ್ಯಾಕ್ಸ್
ಮೇ 2, 2023

ಗಾರ್ತ್,

ನಿನ್ನ ಕಾಗದ ಬಂತು. ಮಾರ್ಲೀನಳಿಗೆ ನನ್ನ ನಮಸ್ಕಾರ ಹೇಳು.

ಅಮ್ಮ ನನ್ನ ಊಟದ ಕೋಣೆಯ ಕಪಾಟಿನಲ್ಲಿದ್ದಾಳೆ, ಬೂದಿಯ ಡಬ್ಬಿಯಲ್ಲಿ, ಅವಳ ನೀಲಿ ಕಾಫಿ ಹೂಜಿಯ ಪಕ್ಕದಲ್ಲಿ. ಕಳೆದ ತಿಂಗಳಿಗೆ ಎರಡು ವರ್ಷವಾಯಿತು. ಇಷ್ಟು ದಿನ ನಾನು ಯಾಕೆ ಸುಮ್ಮನಿದ್ದೇನೆ ಎಂದು ನೀನು ಒಂದು ಸಲವೂ ಕೇಳಲಿಲ್ಲ.

ಜಾಗ ಎಲ್ಲಿ ಎಂದು ನನ್ನನ್ನು ಕೇಳಿದ್ದೀಯ. ಮನೆಯ ಉತ್ತರಕ್ಕೆ ಮೂರು ಕಲ್ಲು ಎಂದು ನಾನು ಚಿಕ್ಕವಳಿದ್ದಾಗ ಅಮ್ಮ ಒಮ್ಮೆ ಹೇಳಿದ್ದಳು. ನನಗೆ ಗೊತ್ತಿರುವುದು ಅಷ್ಟೇ. ಉಳಿದದ್ದು ನಿನಗೆ ಗೊತ್ತು. ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಅನ್ನು, ನಾನು ಬೇರೆ ಏರ್ಪಾಡು ಮಾಡುತ್ತೇನೆ. ಗೊತ್ತಿಲ್ಲ ಅನ್ನಬೇಡ.

ಅಲ್ಲಿ ಗರಸು ಇದೆ ಎಂದು ಪುರಸಭೆಗೆ ಹೇಳಿದವರು ಯಾರು?

ಇಲ್ಲಿ ಒಂಬತ್ತು ದಿನದಿಂದ ಮಂಜು. ಒಣಗಲು ಹಾಕಿದ ಬಟ್ಟೆ ಹಾಕಿದಾಗಿನದಕ್ಕಿಂತ ಒದ್ದೆಯಾಗಿ ಒಳಗೆ ಬರುತ್ತದೆ.

ಆರ್ಡಿಸ್


ಹೋವ್ಲಾಂಡ್
ಮೇ 11, 2023

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನನಗೆ ಏನು ಗೊತ್ತಿದೆ ಎಂದು ನೀನು ಅಂದುಕೊಂಡಿದ್ದೀಯೋ ನನಗೆ ಗೊತ್ತಾಗಲಿಲ್ಲ. ಸಿಟ್ಟಿನ ವಾಸನೆ ಮಾತ್ರ ಲಕೋಟೆ ಒಡೆದ ಕೂಡಲೇ ಬಂತು. ನೀನು ಅಮ್ಮನನ್ನು ವಿಮಾನ ಹತ್ತಿಸಿ ಕರೆದುಕೊಂಡು ಹೋದ ದಿನ ನಾನು ಬೀಳ್ಕೊಡಲು ಬರದೆ ಬಿತ್ತನೆಗೆ ಹೋದೆ ಎನ್ನುವ ಸಿಟ್ಟಾದರೆ, ಅದು ನ್ಯಾಯ. ಅವಳು ಗಾಲಿಕುರ್ಚಿಯಲ್ಲಿ ಕೂತು ಹೋಗುವುದನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಬಿತ್ತನೆ ಒಂದು ದಿನ ಕಾಯುತ್ತಿತ್ತು.

ಮೂರು ಕಲ್ಲು ಅಂದೆ. ಅಕ್ಕಾ, ನೀನು ಈ ಸೀಮೆಯನ್ನು ಬಿಟ್ಟು ನಲವತ್ತು ವರ್ಷವಾಯಿತು, ಮರೆತಿದ್ದೀಯ. ಇಲ್ಲಿ ಕಲ್ಲಲ್ಲದೆ ಇನ್ನೇನಿದೆ? ಪ್ರತಿ ವಸಂತದಲ್ಲೂ ಭೂಮಿ ಹೊಸದಾಗಿ ಹೆತ್ತ ಹಾಗೆ ಕಲ್ಲು ಮೇಲೆ ಬರುತ್ತದೆ. ಅಜ್ಜ ಹೆಕ್ಕಿ ಹಾಕಿದ ರಾಶಿಯೇ ಆ ದಿಬ್ಬದಲ್ಲಿ ಮನೆಯೆತ್ತರ ಇದೆ. ಅದರಲ್ಲಿ ನಿನ್ನ ಮೂರು ಯಾವುದು?

ಆದರೂ ಭಾನುವಾರ ಹೋದೆ. ಹನ್ನೊಂದು ಮೈಲಿ. ದೂರದಿಂದ ಕಾಣುವುದು ಕರಗಾನ ಗಿಡದ ಬೇಲಿಯೊಂದೇ. ನೆಟ್ಟವರು ಹೋಗಿ ಎಂಬತ್ತು ವರ್ಷವಾದರೂ ಅದು ಗಾಳಿಗೆ ಅಡ್ಡ ನಿಂತಿದೆ, ಒಳಗೆ ಕಾಯಲು ಯಾರೂ ಇಲ್ಲ. ಮನೆಯಡಿ ಇದ್ದ ನೆಲಮಾಳಿಗೆಯ ಗುಂಡಿ ಹಾಗೇ ಇದೆ, ಅದರಲ್ಲಿ ನೆಲ ತೋಡುವ ಬ್ಯಾಡ್ಜರ್ ಪ್ರಾಣಿಯೊಂದು ಸಂಸಾರ ಹೂಡಿದೆ. ಗುಂಡಿಯಿಂದ ಉತ್ತರಕ್ಕೆ ಹೆಜ್ಜೆ ಹಾಕಿ ಅಳೆದೆ. ಮಾರ್ಲೀನ್ ಕೂಡ ಬಂದಿದ್ದಳು, ಎರಡು ಬಗ್ಗಿಸಿದ ತಂತಿ ಹಿಡಿದುಕೊಂಡು. ಗೋರಿಯ ಮೇಲೆ ಹೋದಾಗ ತಂತಿ ತಾನಾಗಿ ಒಂದರ ಮೇಲೊಂದು ಬೀಳುತ್ತದೆ, ಅವಳ ಮಾವ ಹೀಗೆಯೇ ಹನ್ನೆರಡು ಗೋರಿ ಹುಡುಕಿದ್ದ. ತಂತಿ ಮೊದಲು ಬೇಲಿಯ ಹತ್ತಿರ ಕೂಡಿತು. ಆಮೇಲೆ ಕಲ್ಲುರಾಶಿಯ ಹತ್ತಿರ. ಆಮೇಲೆ ನನ್ನ ಟ್ರಕ್ಕಿನ ಹತ್ತಿರ.

"ನಿನ್ ಗಾಡಿ ಕೆಳಗೂ ಯಾರನ್ನಾದ್ರೂ ಹೂತಿದೀಯೇನೋ?" ಎಂದಳು.

ಪುರಸಭೆಗೆ ಹೇಳಿದವರು ಯಾರು ಎಂದು ಕೇಳಿದ್ದೀಯ. ಹಳೆಯ ಹೊಂಡ ಬರಿದಾಯಿತು, ಅವರೇ ಹುಡುಕಿಕೊಂಡರು.

ಗಾಳಿಗೆ ಬೆನ್ನು ಕೊಟ್ಟು ಆ ಬೇಲಿಯ ಮಗ್ಗುಲಲ್ಲಿ ಸುಮಾರು ಹೊತ್ತು ಕೂತಿದ್ದೆ. ಅಲ್ಲಿಂದ ನೋಡಿದರೆ ಸುತ್ತಲೂ ಇಪ್ಪತ್ತು ಮೈಲಿ ಕಾಣುತ್ತದೆ. ಇಷ್ಟು ಬಯಲಿನಲ್ಲಿ ಇಷ್ಟು ಚಿಕ್ಕದೊಂದನ್ನು ಇಟ್ಟು ಹೋದರಲ್ಲ ಎನ್ನಿಸಿತು.

ಬೇಗ ಬರೆ. ಇನ್ನು ಒಂದು ತಿಂಗಳಿದೆ.

ಗಾರ್ತ್

ಮಾರ್ಲೀನ್ ಸೇರಿಸಿದ್ದು: ಅವನು ಹೇಳಿದ್ದನ್ನು ಹೇಳಿದ ಹಾಗೇ ಟೈಪು ಮಾಡಿದ್ದೇನೆ, ಆರ್ಡಿಸ್. ಹೇಳದೆ ಬಿಟ್ಟದ್ದು ನನ್ನ ಕೆಲಸವಲ್ಲ.


ಹೋವ್ಲಾಂಡ್
ಮೇ 22, 2023

ಅಕ್ಕಾ,

ನಿನ್ನಿಂದ ಉತ್ತರವಿಲ್ಲ. ಅಂಚೆ ತಡವಾಯಿತೋ ನೀನೇ ತಡ ಮಾಡಿದೆಯೋ. ಯಾವುದಾದರೂ ಇರಲಿ, ಇದನ್ನು ನಾನು ಹೇಳಿಬಿಡುತ್ತೇನೆ. ಈ ಮಾತು ಆಡಲು ಗ್ರೇಡರ್ ನಿಲ್ಲಿಸಿದ್ದೇನೆ. ಎಂಜಿನ್ನೂ ಆರಿಸಿದ್ದೇನೆ.

ಗರಸು ಇದೆ ಎಂದು ಹೇಳಿದವನು ನಾನು.

ಕಳೆದ ಅಕ್ಟೋಬರಿನಲ್ಲಿ ಹೊಸ ಜಾಗ ಹುಡುಕು ಎಂದು ನನಗೇ ಹೇಳಿದರು. ಆ ದಿಬ್ಬದಲ್ಲಿ ಒಳ್ಳೆಯ ಗರಸು ಇದೆ ಎಂದು ನನಗೆ ಗೊತ್ತಿತ್ತು. ಬ್ಯಾಡ್ಜರ್ ತೋಡಿ ಹೊರಗೆ ಹಾಕಿದ್ದನ್ನು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಅಗೆಯುವ ಯಂತ್ರ ತೆಗೆದುಕೊಂಡು ಹೋಗಿ ಪರೀಕ್ಷೆಗೆಂದು ನಾಲ್ಕು ಗುಂಡಿ ತೋಡಿದೆ. ಐನಾರ್ ನೆನಪಿರಲಿಲ್ಲವೇ ಎಂದು ಕೇಳುತ್ತೀ. ಇತ್ತು. ಅವನು ಬೇಲಿಯ ಒಳಗೆ, ಮನೆಗೆ ಒತ್ತಿಕೊಂಡು ಇರುತ್ತಾನೆ ಎಂದು ನಾನೇ ಲೆಕ್ಕ ಹಾಕಿಕೊಂಡೆ. ಅದಕ್ಕೆ ಬೇಲಿಯ ಆಚೆ ತೋಡಿದೆ. ನಿನ್ನನ್ನು ಒಂದು ಮಾತು ಕೇಳಬಹುದಿತ್ತು. ಆಗ ನಾವು ಮಾತಾಡುತ್ತಿರಲಿಲ್ಲ. ಮಾತಾಡುತ್ತಿದ್ದೆವು, ಆದರೆ ಹವಾಮಾನ ಮಾತ್ರ.

ಮೂರನೆಯ ಗುಂಡಿ ನೆಲಮಾಳಿಗೆಯಿಂದ ನೇರ ಉತ್ತರಕ್ಕೆ ಇದೆ. ನಾಲ್ಕಡಿ ಆಳದಲ್ಲಿ ಒಂದು ಹಲಗೆ ಬಂತು. ಹಳೇ ಬಾವಿಯ ಮುಚ್ಚಳ ಇರಬೇಕು ಎಂದು ಪಕ್ಕಕ್ಕೆ ಎಸೆದೆ. ಸಂಜೆಯೊಳಗೆ ಗುಂಡಿ ಮುಚ್ಚಿ ಮನೆಗೆ ಬಂದು ಊಟ ಮಾಡಿದೆ. ಮೂರು ಕಲ್ಲು ಎಂದು ನೀನು ಬರೆದ ಮೇಲೆ ಆ ಹಲಗೆ ನೆನಪಾಯಿತು. ಮೊನ್ನೆ ಹೋಗಿ ಹುಡುಕಿ ತಂದೆ. ಅಗಲ ಒಂದು ಗೇಣು, ಉದ್ದ ಮೂರಡಿಗೆ ಸ್ವಲ್ಪ ಹೆಚ್ಚು. ಒಂದು ಮೂಲೆಯಲ್ಲಿ ತುಕ್ಕು ಹಿಡಿದ ಮೊಳೆ. ಬಾವಿಗೆ ಯಾರೂ ಅಷ್ಟು ಚಿಕ್ಕ ಮುಚ್ಚಳ ಮಾಡುವುದಿಲ್ಲ.

ಅದೀಗ ಅಮ್ಮನ ಕೋಣೆಯಲ್ಲಿದೆ, ಅವಳ ಮಂಚದ ಮೇಲೆ, ಒಂದು ಟವೆಲಿನಲ್ಲಿ. ಆ ಬಾಗಿಲು ದಾಟಿ ಬಚ್ಚಲಿಗೆ ಹೋಗುವುದು ಕಷ್ಟವಾಗಿದೆ. ಮೂಳೆ ಏನೂ ಕಾಣಲಿಲ್ಲ, ಆದರೆ ನಾನು ನೋಡಿಯೂ ಇರಲಿಲ್ಲ. ಯಂತ್ರದ ಕೈ ಒಂದು ಸಲಕ್ಕೆ ಗಾಡಿಯಷ್ಟು ಮಣ್ಣು ಎತ್ತುತ್ತದೆ, ಅಕ್ಕಾ. ಎರಡು ವರ್ಷದ ಮಗು ಎಷ್ಟಿರುತ್ತದೆ? ಮುಂದೆ ಅಮ್ಮನನ್ನು ಯಾರ ಪಕ್ಕ ಇಡುವುದು?

ಹೊಂಡ ಬೇಡ ಎಂದು ಪುರಸಭೆಗೆ ಹೇಳಿದೆ. ಯಾಕೆ ಎಂದು ಕೇಳಿದರು. ಹೇಳಲಾಗಲಿಲ್ಲ. ಹನ್ನೆರಡನೆಯ ತಾರೀಕು ಹಾಗೇ ನಿಂತಿದೆ.

ಗಾರ್ತ್

ಮಾರ್ಲೀನ್ ಸೇರಿಸಿದ್ದು: ಇದಕ್ಕೆ ನಾನೇನೂ ಸೇರಿಸುವುದಿಲ್ಲ. ಅವನು ಸರಿಯಾಗಿ ಉಣ್ಣುತ್ತಿಲ್ಲ, ಅಷ್ಟು ಹೇಳುತ್ತೇನೆ.


ಹ್ಯಾಲಿಫ್ಯಾಕ್ಸ್
ಮೇ 23, 2023

ತಮ್ಮಾ,

ನೀನು ಹನ್ನೊಂದನೆಯ ತಾರೀಕು ಬರೆದದ್ದು ಮೇಜಿನ ಮೇಲೆ ನಾಲ್ಕು ದಿನ ಇತ್ತು. ಬಿತ್ತನೆಯ ಮಾತು ಓದಿ ಎದ್ದು ಹೋಗಿ ಪಾತ್ರೆ ತೊಳೆದೆ. ಪಾತ್ರೆ ಇರಲಿಲ್ಲ, ತೊಳೆದಿದ್ದನ್ನೇ ಮತ್ತೆ ತೊಳೆದೆ. ಅವತ್ತು ಅಮ್ಮ ವಿಮಾನದಲ್ಲಿ ಕಿಟಕಿಯ ಪಕ್ಕ ಕೂತು, ನೆಲ ಸಣ್ಣ ಸಣ್ಣ ಚೌಕವಾಗುವ ತನಕ ನಿನ್ನ ಟ್ರ್ಯಾಕ್ಟರ್ ಹುಡುಕಿದಳು. ಒಂದನ್ನು ತೋರಿಸಿ ಅದೇ ಅಂದಳು. ಯಾರದೋ ಏನೋ. ಹೌದು ಅಂದೆ.

ನಾನು ಒಂದು ವಿಷಯ ಇಟ್ಟುಕೊಂಡಿದ್ದೆ. ಈಗ ಹೇಳುತ್ತೇನೆ. ಕೊನೆಯ ವಾರದಲ್ಲಿ ನಾನು ಅಮ್ಮನನ್ನು ಕೇಳಿದೆ, ಐನಾರ್ ಎಲ್ಲಿ ಎಂದು. ಅವಳು ಬಾಯಿಯ ಮೇಲೆ ಬೆರಳಿಟ್ಟು, ಅದನ್ನ ನಾನು ಹೇಳೋ ಹಾಗಿಲ್ಲ ಅಂದಳು. ಆಮೇಲೆ ಅಂದಳು:

"ಗಾರ್ತ್‌ಗೆ ಗೊತ್ತು. ಅವನು ಒಂದಿನಾನೂ ಅದನ್ನ ತುಳಿದಿಲ್ಲ."

ಅಂದರೆ ನಿನಗೆ ಗೊತ್ತು, ನೀನು ಅಲ್ಲಿ ಹೋಗಿ ಬರುತ್ತಿದ್ದೀ, ನನ್ನಿಂದ ಮುಚ್ಚಿಟ್ಟಿದ್ದೀರಿ ಎಂದೇ ನಾನು ತಿಳಿದೆ. ಹನ್ನೊಂದು ತಿಂಗಳು ಅವಳ ಹಾಸಿಗೆ ಬದಲಿಸಿದವಳು ನಾನು, ಗುಟ್ಟು ಮಾತ್ರ ನಿನ್ನ ಜೊತೆ. ನೀನಾಗಿ ಕರೆಯುವ ತನಕ ಅಮ್ಮನನ್ನು ಕೊಡುವುದಿಲ್ಲ ಎಂದು ಹಟ ಹಿಡಿದೆ. ನೀನು ಕರೆಯಲಿಲ್ಲ. ನಿನಗೆ ಅವಳು ಬೇಡವಾಗಿದೆ ಎಂದುಕೊಂಡೆ. ಅರವತ್ತೆರಡು ವರ್ಷದವಳ ಬುದ್ಧಿ ಇದು.

ನಿನಗೆ ನಿಜವಾಗಿಯೂ ಗೊತ್ತಿಲ್ಲ ಎನ್ನುವುದು ತಂತಿಯ ಕಥೆ ಓದಿ ಗೊತ್ತಾಯಿತು. ಗೊತ್ತಿದ್ದವನು ಮಾರ್ಲೀನಳ ಹಿಂದೆ ಅಲೆಯುವುದಿಲ್ಲ.

ಅಮ್ಮ ಇನ್ನೊಂದು ಮಾತು ಹೇಳುತ್ತಿದ್ದಳು. ಔಷಧಿಯ ಮಂಪರು ಎಂದು ಬಿಟ್ಟಿದ್ದೆ. ಥೆಲ್ಮಾನ ಕೇಳು, ಕಾಫಿ ಚೆಲ್ಲಿತಾ ಅಂತ. ದಿನಕ್ಕೆ ಎರಡು ಮೂರು ಸಲ ಹೇಳುತ್ತಿದ್ದಳು. ಈ ಥೆಲ್ಮಾ ಯಾರು?

ನೀನು ತುಳಿಯದೆ ಇರುವುದು ಏನು, ಯೋಚನೆ ಮಾಡು.

ಆರ್ಡಿಸ್


ಹೋವ್ಲಾಂಡ್
ಜೂನ್ 3, 2023

ಅಕ್ಕಾ,

ಗಟ್ಟಿಯಾಗಿ ಕೂತುಕೋ. ಇದು ಉದ್ದ ಇದೆ, ಆದರೆ ಹೆದರಬೇಡ.

ನಮ್ಮಿಬ್ಬರ ಕಾಗದಗಳು ದಾರಿಯಲ್ಲಿ ಎದುರುಬದುರಾಗಿವೆ. ಒಂದಿನಾನೂ ತುಳಿದಿಲ್ಲ ಎನ್ನುವ ಅಮ್ಮನ ಮಾತು ನನ್ನ ಕೈಗೆ ಬಂದಾಗ ಅವಳ ಮಂಚದ ಮೇಲೆ ಆ ಹಲಗೆ ಇತ್ತು. ನಾನು ಅದನ್ನು ಅಂಚೆಪೆಟ್ಟಿಗೆಯ ಹತ್ತಿರವೇ ಓದಿದೆ. ಅಲ್ಲಿಂದಲೇ ಥೆಲ್ಮಾನನ್ನು ಹುಡುಕಿಕೊಂಡು ಹೋದೆ.

ಥೆಲ್ಮಾ ನೋರ್ಡಾಲ್. ತೊಂಬತ್ನಾಲ್ಕು ವರ್ಷ, ಇಲ್ಲಿಂದ ಮೂವತ್ತು ಮೈಲಿ ಆಚೆಯ ವೃದ್ಧಾಶ್ರಮದಲ್ಲಿದ್ದಾಳೆ. ಅವಳ ಅಪ್ಪ ಮನೆ ಸಾಗಿಸುವ ನೋರ್ಡಾಲ್. ಬರಗಾಲದ ವರ್ಷಗಳಲ್ಲಿ ಜನ ಹೊಲ ಬಿಟ್ಟು ಹೊರಟಾಗ ಈ ಸೀಮೆಯ ಅರ್ಧ ಮನೆಗಳನ್ನು ಎಳೆದವನು ಅವನೇ. ಮನೆಯೊಳಗೆ ಒಲೆಯ ಮೇಲೆ ಕಾಫಿ ಇಟ್ಟಿದ್ದರೆ ಒಂದು ತೊಟ್ಟೂ ಚೆಲ್ಲದ ಹಾಗೆ ಮುಟ್ಟಿಸುತ್ತೇನೆ ಎನ್ನುವುದು ಅವನ ಜಂಬ. ಅಮ್ಮನ ಕಾಫಿ ಮಾತು ಓದಿದ ಕೂಡಲೇ ನನಗೆ ಹೊಳೆದದ್ದು ಅದೇ.

ಅವಳು ಕಿಟಕಿಯ ಹತ್ತಿರ ಕೂತು ಒಗಟಿನ ಚಿತ್ರದ ತುಂಡುಗಳನ್ನು ಜೋಡಿಸುತ್ತಿದ್ದಳು.

"ಯಾರು, ಬೊರ್ಗಿ ಮಗನಾ? ಬೆಳಕಿಗೆ ಬಾ. ಗ್ರೇಡರ್ ಓಡ್ಸೋನು ನೀನೇ ಅಲ್ವಾ? ಹೋದ್ಸಲ ನಿನ್ ರಸ್ತೇಲಿ ಬಂದು ನನ್ ಹಲ್ಲಿನ ಸೆಟ್ಟು ಸಡಿಲ ಆಯ್ತು ಕಣಪ್ಪ."

ಅವಳ ಬೊರ್ಗಿ, ನಮ್ಮಮ್ಮ, ಹೇಳಿ ಕಳಿಸಿದ್ದನ್ನು ಹೇಳಿದೆ. ಕೈಯಲ್ಲಿದ್ದ ತುಂಡನ್ನು ಅವಳು ಕೆಳಗಿಟ್ಟಳು.

"ಚೆಲ್ಲಿತ್ತು. ನಾನೂ ಬೊರ್ಗೀನೂ ಸೇರ್ಕೊಂಡು ಒರೆಸಿದ್ವಿ. ಅಪ್ಪಂಗೆ ಸಾಯೋವರೆಗೂ ಹೇಳ್ಲಿಲ್ಲ. ಅಂತೂ ಕೇಳಿ ಕಳ್ಸಿದ್ಲಾ ಅವಳು? ಹಾಗಾದ್ರೆ ಹೇಳ್ಬಹುದು ಅಂತಾಯ್ತು."

ಆಮೇಲೆ ಅವಳು ಹೇಳಿದ್ದು ಇದು. 1939ರ ಅಕ್ಟೋಬರ್. ಐನಾರ್ ಹೋಗಿ ಮೂರು ವರ್ಷವಾಗಿತ್ತು. ಮಳೆ ಎನ್ನುವುದು ಮರೆತೇ ಹೋಗಿತ್ತು. ಅಜ್ಜ ದಿಬ್ಬ ಬಿಟ್ಟು ಊರಿನ ಧಾನ್ಯದ ಉಗ್ರಾಣದಲ್ಲಿ ಕೆಲಸ ಹಿಡಿದ. ನೋರ್ಡಾಲ್ ಮನೆಯಡಿ ತೊಲೆ ತೂರಿಸಿ, ಹದಿನೆಂಟು ಕುದುರೆ ಕಟ್ಟಿ ಹೊರಡಲು ಸಿದ್ಧನಾದ. ಒಲೆ ಉರಿಯುತ್ತಿತ್ತು, ತಟ್ಟೆಗಳು ಕಪಾಟಿನಲ್ಲೇ ಇದ್ದವು. ಅಮ್ಮನಿಗೆ ಎಂಟು ವರ್ಷ, ಥೆಲ್ಮಾಗೆ ಹತ್ತು. ಇಬ್ಬರೂ ಕಿಟಕಿಯಲ್ಲಿ ಕೂತು, ಮನೆಯೊಳಗಿದ್ದುಕೊಂಡೇ ಪ್ರಯಾಣ ಮಾಡುವುದಕ್ಕೆ ಕಾದಿದ್ದರು. ಆಗ ಅಜ್ಜಿ ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತಳು. ಏಳಲಿಲ್ಲ.

"ಮನೆ ಹೋಗ್ಲಿ, ನಾನು ಬೇಡ ಅನ್ನಲ್ಲ. ಅವನನ್ನ ಬಿಟ್ಟು ಹೋಗಲ್ಲ," ಎಂದಳಂತೆ.

ಅಜ್ಜ ಬೈದ, ನೋರ್ಡಾಲ್ ಸಮಾಧಾನ ಮಾಡಿದ. ಕೊನೆಗೆ ಕುದುರೆಗಳನ್ನು ಬಿಚ್ಚಿದರು. ಇಬ್ಬರೂ ಸಲಿಕೆ ತೆಗೆದುಕೊಂಡು ಉತ್ತರಕ್ಕೆ ಹೋದರು. ನೋರ್ಡಾಲನ ಹತ್ತಿರ ಹೊಸ ಹಲಗೆ ಇತ್ತು, ಅಲ್ಲೇ ಒಂದು ಪೆಟ್ಟಿಗೆ ಹೊಡೆದ. ಹಳೇ ಪೆಟ್ಟಿಗೆಯ ಕೆಳಗಿನ ಹಲಗೆ ಮಣ್ಣಿಗೆ ಕಚ್ಚಿಕೊಂಡಿತ್ತು, ಬರಲಿಲ್ಲ. ಅದನ್ನು ಅಲ್ಲೇ ಬಿಟ್ಟು ಮುಚ್ಚಿದರು.

ಅಕ್ಕಾ, ಆಗ ನಾನು ಅವಳಿಗೆ ನನ್ನ ಹಲಗೆಯ ವಿಷಯ ಹೇಳಿದೆ. ಪೂರ್ತಿ ಹೇಳಿದೆ, ಯಂತ್ರದ ಕೈಯನ್ನೂ ಸೇರಿಸಿ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಆ ವಯಸ್ಸಿನಲ್ಲೂ ಏನು ಹಿಡಿತ.

"ಮಗಾ, ನೀನು ಅಗೆದಿದ್ದು ಅವನು ಖಾಲಿ ಮಾಡಿ ಹೋದ ಜಾಗ. ಎಲ್ರ ಹಾಗೆ ಅವನೂ ಊರಿಗೆ ಬಂದಾಗಿತ್ತು."

ಥೆಲ್ಮಾ ತನ್ನ ಬಿಸ್ಕತ್ತನ್ನು ನನ್ನ ಕಡೆ ತಳ್ಳಿದಳು, ತಿಂದೆ. ಎರಡು ವಾರದಲ್ಲಿ ರುಚಿ ಗೊತ್ತಾದದ್ದು ಅದೊಂದೇ.

ಹನ್ನೊಂದು ಮೈಲಿಗೆ ಎರಡು ದಿನ ಹಿಡಿಯಿತಂತೆ. ಪೆಟ್ಟಿಗೆ ಅಡುಗೆಮನೆಯಲ್ಲಿ ಮೇಜಿನ ಕೆಳಗಿತ್ತು, ಅಜ್ಜಿ ಅದರ ಪಕ್ಕದಲ್ಲಿ ಕೂತು ಲೆಫ್ಸಾ ರೊಟ್ಟಿ ಬೇಯಿಸಿ ಎಲ್ಲರಿಗೂ ಕೊಟ್ಟಳು. ಒಂದು ಹಳ್ಳ ದಾಟುವಾಗ ಕಾಫಿ ಚೆಲ್ಲಿತು. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ದಿಬ್ಬದ ಮೇಲಿನ ಹುಲ್ಲು, ಬೇರು, ಮಣ್ಣು ಎಲ್ಲವನ್ನೂ ಚಪ್ಪಡಿ ಚಪ್ಪಡಿಯಾಗಿ ಕತ್ತರಿಸಿ ತುಂಬಿಕೊಂಡಿದ್ದರು. ಅದರ ಮೇಲೆ ಗೋರಿಗೆ ಗುರುತಾಗಿದ್ದ ಮೂರು ಕಲ್ಲು. ಊರಿಗೆ ಬಂದ ಮೇಲೆ ಚರ್ಚಿನ ಸ್ಮಶಾನಕ್ಕೆ ಒಯ್ಯೋಣವೆಂದರೆ ಮಗು ಸತ್ತದ್ದನ್ನು ಎಲ್ಲೂ ಬರೆಸಿರಲಿಲ್ಲ, ಕಾಗದವಿಲ್ಲ. ಊರೊಳಗೆ ಹೂಳಬಾರದು ಎಂಬ ಕಾನೂನು ಬೇರೆ. ಮನೆ ಇಳಿಸಿದ ಸಂಜೆಯೇ ಮನೆಯ ಉತ್ತರಕ್ಕೆ, ದಿಬ್ಬದಲ್ಲಿ ಇದ್ದ ಅಷ್ಟೇ ಹೆಜ್ಜೆಗೆ, ಅವನನ್ನು ಇಟ್ಟರು. ಬಾಯಿ ಬಿಟ್ಟರೆ ಮತ್ತೆ ಅಗೆಸುತ್ತಾರೆ ಎಂದು ಅಜ್ಜಿ ಆ ಎರಡು ಹುಡುಗಿಯರ ಕೈಯಲ್ಲೂ ಬೈಬಲ್ ಮುಟ್ಟಿಸಿ ಆಣೆ ಹಾಕಿಸಿದಳು. ಎಂಬತ್ತು ವರ್ಷ ದಾಟಿದರೂ ಇಬ್ಬರೂ ಮುರಿಯಲಿಲ್ಲ. ಅಮ್ಮ ಸಾಯುವಾಗಲೂ ಮುರಿಯಲಿಲ್ಲ, ನೋಡು. ನಮ್ಮಿಬ್ಬರಿಗೂ ಒಂದೊಂದು ತುಂಡು ಕೊಟ್ಟು ಹೋದಳು. ನಾವು ಮಾತಾಡಿದ್ದರೆ ಆವತ್ತೇ ಕೂಡುತ್ತಿತ್ತು.

ಮನೆಗೆ ಬಂದು ಹಿತ್ತಲಿಗೆ ಹೋದೆ. ಅಮ್ಮನ ಕುರ್ಚಿಯ ಜಾಗದಲ್ಲಿ ಮೊಣಕಾಲೂರಿ ಹುಲ್ಲನ್ನು ಕೈಯಿಂದ ಬಿಡಿಸಿದೆ. ಊರಿನ ಹುಲ್ಲಲ್ಲ ಅದು. ಗಿಡ್ಡ, ಒರಟು, ಬೂದು ಬಣ್ಣ. ನೇಗಿಲು ಕಾಣದ ಬಯಲಿನದು. ಅದರೊಳಗೆ ಮೂರು ಕಲ್ಲು, ಚಪ್ಪಟೆ, ಕಿತ್ತಳೆ ಬಣ್ಣದ ಕಲ್ಲುಹೂವು ಹತ್ತಿದವು. ನಲವತ್ತೊಂದು ವರ್ಷ ಪ್ರತಿ ಬೇಸಿಗೆ, ವಾರಕ್ಕೊಂದು ಸಲ, ಗೊಣಗಿಕೊಂಡು ನಾನು ಸುತ್ತು ಹಾಕಿದ್ದು ಅವನ ಸುತ್ತ.

ಅಮ್ಮನನ್ನು ಕರೆದುಕೊಂಡು ಬಾ. ಕುರ್ಚಿ ಹೊರಗೆ ಹಾಕಿದ್ದೇನೆ.

ಗಾರ್ತ್

ಮಾರ್ಲೀನ್ ಸೇರಿಸಿದ್ದು: ಟೈಪು ಮಾಡುವಾಗ ಎರಡು ಸಲ ನಿಲ್ಲಿಸಬೇಕಾಯಿತು. ನನ್ನ ತಂತಿಯ ಬಗ್ಗೆ ಇನ್ನು ಯಾರೂ ನಗಬಾರದು. ಟ್ರಕ್ಕಿನ ಹತ್ತಿರ ಕೂಡಿತ್ತಲ್ಲ, ಗಾರ್ತ್ ಟ್ರಕ್ ನಿಲ್ಲಿಸಿದ್ದು ಆ ಮೂರನೇ ಗುಂಡಿಯ ಮೇಲೆ.


ಹ್ಯಾಲಿಫ್ಯಾಕ್ಸ್
ಜೂನ್ 10, 2023

ತಮ್ಮಾ,

ನಿನ್ನ ಎರಡು ಕಾಗದ ಒಂದೇ ದಿನ ಬಂದವು, ಹಲಗೆಯದು ಮತ್ತು ಥೆಲ್ಮಾದು. ಪುಣ್ಯಕ್ಕೆ ತಾರೀಕು ನೋಡಿ ಓದಿದೆ. ಮೊದಲನೆಯದು ಮುಗಿದು ಎರಡನೆಯದು ಒಡೆಯುವ ನಡುವಿನ ಒಂದು ನಿಮಿಷ ನೀನು ಎರಡು ವಾರ ಇದ್ದ ಜಾಗದಲ್ಲಿ ನಾನೂ ಇದ್ದೆ. ಒಬ್ಬನೇ ಇದ್ದೆಯಲ್ಲೋ.

ಇಪ್ಪತ್ನಾಲ್ಕಕ್ಕೆ ಬರುತ್ತೇನೆ. ಅಮ್ಮ ತೊಡೆಯ ಮೇಲೆ ಇರುತ್ತಾಳೆ, ಸಾಮಾನಿನ ಜೊತೆ ಹಾಕುವುದಿಲ್ಲ. ಕಿಟಕಿಯ ಪಕ್ಕದ ಸೀಟು ಕೇಳಿದ್ದೇನೆ. ನೀಲಿ ಹೂಜಿಯನ್ನೂ ತರುತ್ತೇನೆ. ಆ ಹಲಗೆಯನ್ನು ಬಿಸಾಡಬೇಡ. ಥೆಲ್ಮಾನನ್ನು ಕರೆತರಲು ಆಗುತ್ತದೆಯೇ ಕೇಳು, ರಸ್ತೆ ಮೊದಲು ಸರಿ ಮಾಡು.

ಆರ್ಡಿಸ್


ಹೋವ್ಲಾಂಡ್
ಜುಲೈ 8, 2023

ಅಕ್ಕಾ,

ನೀನು ಹೋಗಿ ಎಂಟು ದಿನ. ಮುಟ್ಟಿದೆ ಎಂದು ಮಾರ್ಲೀನಳ ಫೋನಿಗೆ ಕಳಿಸಿದ್ದನ್ನು ಅವಳು ಓದಿ ಹೇಳಿದಳು. ನಿನ್ನ ಕನ್ನಡಕ ನನ್ನ ಬ್ರೆಡ್ಡಿನ ಡಬ್ಬಿಯಲ್ಲಿದೆ.

ಹೊಂಡ ಹನ್ನೆರಡಕ್ಕೇ ಶುರುವಾಗಿತ್ತಲ್ಲ, ನೀನಿದ್ದಾಗ ಅದರ ಮಾತೆತ್ತಲಿಲ್ಲ. ಮೊದಲ ಲಾರಿ ತುಂಬುವಾಗ ನಾನೇ ಹೋಗಿ ನಿಂತಿದ್ದೆ. ಬ್ಯಾಡ್ಜರ್ ಸಂಸಾರ ಎರಡು ದಿನ ಮುಂಚೆಯೇ ಜಾಗ ಬಿಟ್ಟಿತ್ತು. ಕರಗಾನ ಬೇಲಿಯನ್ನು ಮುಟ್ಟಬಾರದು ಎಂದು ಹೇಳಿದೆ, ಈ ಸಲ ಯಾಕೆ ಎಂದು ಕೇಳಿದವರಿಗೆ ಕಾರಣವನ್ನೂ ಹೇಳಿದೆ. ಒಬ್ಬ ಟೋಪಿ ತೆಗೆದ. ಈ ವಾರ ಅದೇ ಗರಸನ್ನು ನಮ್ಮ ಬೀದಿಗೆ ಹಾಸಿದೆ. ಅಜ್ಜನ ದಿಬ್ಬ ಸ್ವಲ್ಪ ಸ್ವಲ್ಪವಾಗಿ ಮನೆ ಬಾಗಿಲಿಗೆ ಬರುತ್ತಿದೆ. ಥೆಲ್ಮಾಗೆ ಹೇಳಿ ಕಳಿಸಿದ್ದೇನೆ, ಇನ್ನು ಹಲ್ಲಿಗೆ ಭಯವಿಲ್ಲ ಎಂದು. ಅಮ್ಮನನ್ನು ಮಣ್ಣಿಗಿಟ್ಟ ದಿನ ಅವಳು ಹೂಜಿಯಿಂದ ಕಾಫಿ ಬಗ್ಗಿಸಿಕೊಳ್ಳುವಾಗ ಬೇಕೆಂದೇ ಸ್ವಲ್ಪ ಕಲ್ಲಿನ ಮೇಲೆ ಚೆಲ್ಲಿದ್ದನ್ನು ನೀನೂ ನೋಡಿದೆಯಲ್ಲ? ಆ ಕಲೆ ಇನ್ನೂ ಇದೆ. ಮಳೆ ಬಂದಿಲ್ಲ.

ಅಮ್ಮನನ್ನು ಆ ಹಲಗೆಯ ಮೇಲಿಟ್ಟದ್ದು ನಿನ್ನ ಒಳ್ಳೆಯ ಯೋಚನೆ. ಅದನ್ನು ಅವತ್ತು ಹೇಳಬೇಕಿತ್ತು. ನಾನು ಹುಲ್ಲಿನ ಚಪ್ಪಡಿಯನ್ನು ವಾಪಸು ಮುಚ್ಚುವುದರಲ್ಲಿದ್ದೆ.

ಇವತ್ತು ಶನಿವಾರ, ಹಿತ್ತಲಿನ ಹುಲ್ಲು ಕತ್ತರಿಸಿದೆ. ಉತ್ತರದ ಮಗ್ಗುಲಿಗೆ ಬಂದಾಗ ಕೈ ತಾನಾಗಿ ತಿರುಗಿತು. ಸುತ್ತು ಮಾತ್ರ ಈಗ ಒಂದು ಮೊಳ ದೊಡ್ಡದು.

ಗಾರ್ತ್